ಎತ್ತು ಗಾಡಿಯನ್ನು ಎಳೆಯುವುದೆಂತು?

ಚಲನೆಯ ಮೂರು ನಿಯಮಗಳನ್ನು ನಮ್ಮ ಮಕ್ಕಳು ಕಂಠಪಾಠ ಮಾಡಿ ಒಪ್ಪಿಸುವುದನ್ನು ಕೇಳಿದ್ದೇವೆ. ಕೆಲವರು ಕನ್ನಡದಲ್ಲಿ, ಕೆಲವರು ನೆರೆಯ ಭಾಷೆಯಲ್ಲಿ. ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ಈ ನಿಯಮಗಳಲ್ಲಿ ಮೊದಲಿನದು ಸುಲಭ. ಬಸ್ಸು ಥಟ್ಟನೆ ನಿಂತಾಗ ಮುಂದಕ್ಕೆ ಮುಗ್ಗರಿಸುವವರಿಗೆ ಜಡತ್ವವನ್ನು ಬೇರೆ ಬೋಧಿಸಬೇಕಾಗಿಲ್ಲ. ಎರಡನೆಯದು ಲೆಕ್ಕದ ಮಾತು: 10 ಕಿಲೋಗ್ರಾಂ ರಾಶಿಯ ಮೇಲೆ 20 ನ್ಯೂಟನ್ ನಿವ್ವಳ ಬಲ ವರ್ತಿಸಿದರೆ ವೇಗೋತ್ಕರ್ಷ ಚದರ ಸೆಕೆಂಡಿಗೆ 2 ಮೀಟರು.

ತೊಡಕೆಲ್ಲ ಮೂರನೆಯದರಲ್ಲಿ. ಎತ್ತು ಎಳೆದಷ್ಟೇ ಬಲದಿಂದ ಗಾಡಿಯೂ ಎತ್ತನ್ನು ಹಿಂದಕ್ಕೆ ಎಳೆಯುವುದಾದರೆ, ಗಾಡಿ ಚಲಿಸುವುದಾದರೂ ಹೇಗೆ? ಹೀಗೆ ಕೇಳುವ ಮಗುವನ್ನು ಅಧಿಕಪ್ರಸಂಗಿಯೆಂದು ಗದರಿಸುವುದು ಅನ್ಯಾಯ. ನಿಯಮವನ್ನು ನಿಜವಾಗಿ ಓದಿದವರಿಗೇ ಈ ಸಂಶಯ ಹುಟ್ಟುತ್ತದೆ. ಈ ಎರಡು ಬಲಗಳು ಒಂದೇ ವಸ್ತುವಿನ ಮೇಲೆ ವರ್ತಿಸುವುದಿಲ್ಲ. ಒಂದು ಗಾಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ಆದುದರಿಂದ ಅವು ಒಂದನ್ನೊಂದು ಅಳಿಸಲಾರವು. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಎತ್ತನ್ನು ಮುಂದಕ್ಕೆ ನೂಕುತ್ತದೆ. ಈ ನೂಕು ಗಾಡಿಯ ಹಿಂದೆಳೆತವನ್ನೂ, ಎತ್ತಿನ ಎಳೆತ ಗಾಲಿಗಳ ತಡೆಯನ್ನೂ ಮೀರಿದಾಗ ಗಾಡಿ ಹೊರಡುತ್ತದೆ. ಕೆಸರಿನಲ್ಲಿ ಗೊರಸು ಜಾರಿದರೆ, ಎತ್ತು ಎಷ್ಟೇ ಬಲಶಾಲಿಯಾಗಿದ್ದರೂ ಗಾಡಿ ಕದಲದು.