ಮೂರು ಡಿಗ್ರಿಯ ಇಳಿಜಾರು

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಇದೆ ಎಂದೇ ಇಟ್ಟುಕೊಳ್ಳಿ. ರನ್‌ವೇ ಹರಿಹರದ ಅಂಚಿನಲ್ಲಿ ಶುರುವಾಗಲಿ. ಆಗ ಇಳಿಯಲು ಬರುವ ವಿಮಾನ ದಾವಣಗೆರೆಯ ಮೇಲೆ ಸುಮಾರು 2,400 ಅಡಿ, ಬಾತಿ ಕೆರೆ ದಾಟುವಾಗ ಸುಮಾರು 1,200 ಅಡಿ ಎತ್ತರದಲ್ಲಿರಬೇಕು. ದಾವಣಗೆರೆಯಿಂದ ಹರಿಹರದವರೆಗಿನ ಈ 14 ಕಿಲೋಮೀಟರ್ ಮುಗಿಯಲು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಲೆಕ್ಕ ಸರಳ: ಬಹುತೇಕ ನಿಲ್ದಾಣಗಳಲ್ಲಿ ಇಳಿಯುವ ಹಾದಿಯ ಓರೆ ಮೂರು ಡಿಗ್ರಿ.

ಆಕಾಶದಲ್ಲಿ ಕಾಣದ ಈ ಹಾದಿಯನ್ನು ರೇಡಿಯೊ ಅಲೆಗಳಿಂದ ತೋರಿಸುವ ವ್ಯವಸ್ಥೆಯೇ ಐಎಲ್‌ಎಸ್. ರನ್‌ವೇಯ ಆಚೆ ತುದಿಯಲ್ಲಿರುವ ಲೋಕಲೈಜರ್ ಎಡಬಲ ಹೇಳುತ್ತದೆ, ಪಕ್ಕದಲ್ಲಿರುವ ಗ್ಲೈಡ್ ಸ್ಲೋಪ್ ಆಂಟೆನಾ ಮೇಲೆ ಕೆಳಗೆ ಹೇಳುತ್ತದೆ. ಎರಡೂ 90 ಮತ್ತು 150 ಹರ್ಟ್ಜ್‌ನ ಎರಡು ಸ್ವರಗಳನ್ನು ಕಳಿಸುತ್ತವೆ. ಗ್ಲೈಡ್ ಸ್ಲೋಪ್‌ನಲ್ಲಿ 90ರದು ಜೋರಾದರೆ ವಿಮಾನ ಮೇಲಿದೆ, 150ರದು ಜೋರಾದರೆ ಕೆಳಗಿದೆ, ಎರಡೂ ಸಮವಾದರೆ ಹಾದಿಯಲ್ಲಿದೆ. ಪೈಲಟ್ ಅಪ್ರೋಚ್ ಗುಂಡಿ ಒತ್ತಿದರೆ ಆಟೋಪೈಲಟ್ ಆ ವ್ಯತ್ಯಾಸವನ್ನು ಸೊನ್ನೆಯಲ್ಲಿಡಲು ಮೂತಿ ಮತ್ತು ರೆಕ್ಕೆಗಳನ್ನು ತಿದ್ದುತ್ತಲೇ ಇರುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ದಕ್ಷಿಣ ರನ್‌ವೇಯಲ್ಲಿ ಇದರ ಮೇಲ್ದರ್ಜೆಯ ವ್ಯವಸ್ಥೆಯಿದೆ. ದೇವನಹಳ್ಳಿಯ ಚಳಿಗಾಲದ ಮಂಜಿನಲ್ಲಿ 50 ಮೀಟರ್ ಮಾತ್ರ ಕಂಡರೂ, ತಕ್ಕ ವಿಮಾನ ಮತ್ತು ತರಬೇತಿ ಪಡೆದ ಪೈಲಟ್ ಇದ್ದರೆ ಇಳಿಯಬಹುದು.

ಆದರೆ ಆಟೋಪೈಲಟ್ ಸಿಕ್ಕ ಹಾದಿಯನ್ನು ಹಿಡಿಯುತ್ತದೆ. ಅದು ಸರಿಯಾದ ಹಾದಿಯೇ ಎಂದು ನೋಡಿಕೊಳ್ಳುವುದು ಪೈಲಟ್ ಕೆಲಸ. ಗ್ಲೈಡ್ ಸ್ಲೋಪ್ ಆಂಟೆನಾದ ಅಲೆಗಳು ನೆಲಕ್ಕೆ ಬಡಿದು ಮರಳುವುದರಿಂದ ನಿಜವಾದ ಹಾದಿಯ ಮೇಲ್ಗಡೆ ಇನ್ನೂ ಕಡಿದಾದ ಸುಳ್ಳು ಹಾದಿಗಳು ಹುಟ್ಟುತ್ತವೆ. ಆದ್ದರಿಂದಲೇ ಹಾದಿಯನ್ನು ಕೆಳಗಿನಿಂದ ಹೋಗಿ ಸೇರಬೇಕು, ದೂರಕ್ಕೆ ಎತ್ತರ ತಾಳೆಯಾಗುತ್ತದೆಯೇ ಎಂದು ನೋಡಬೇಕು ಎಂಬ ಪಾಠ. ಮಂಜು ಮೋಡದಲ್ಲಿ ಬರುವಾಗ 1,000 ಅಡಿಗೆ ಇಳಿಯುವ ಹೊತ್ತಿಗೆ ವೇಗ, ದಿಕ್ಕು, ಇಳಿಯುವ ದರ ಎಲ್ಲವೂ ಹದಕ್ಕೆ ಬಂದಿರಬೇಕು, ಇಲ್ಲದಿದ್ದರೆ ಇಳಿಯುವ ಯತ್ನ ಕೈಬಿಡಬೇಕು ಎಂಬುದು ಅನೇಕ ವಿಮಾನ ಸಂಸ್ಥೆಗಳ ನಿಯಮ.

2010ರ ಮೇ 22ರ ಬೆಳಿಗ್ಗೆ ಮಂಗಳೂರಿನಲ್ಲಿ ಮುರಿದದ್ದು ಇದೇ ಶಿಸ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737, ರನ್‌ವೇ ಸಮೀಪಿಸುವಾಗ ಇರಬೇಕಾದ ಎತ್ತರದ ಸುಮಾರು ಎರಡು ಪಟ್ಟು ಮೇಲಿತ್ತು. ಕಡಿದಾಗಿ ಇಳಿಸಿದರೂ ಚಕ್ರ ನೆಲ ಮುಟ್ಟಿದ್ದು ರನ್‌ವೇ ಆರಂಭದಿಂದ ಸುಮಾರು 5,200 ಅಡಿ ಮುಂದೆ. ರನ್‌ವೇ ಇದ್ದದ್ದೇ ಸುಮಾರು 8,000 ಅಡಿ. ಅದರಾಚೆ ಗುಡ್ಡದ ಕಡಿದಾದ ಇಳಿಜಾರು. 158 ಮಂದಿ ಸತ್ತರು, 8 ಮಂದಿ ಉಳಿದರು. ಸಹಪೈಲಟ್ ಮೂರು ಬಾರಿ ‘ಮೇಲಕ್ಕೆತ್ತೋಣ’ ಎಂದರೂ ಕ್ಯಾಪ್ಟನ್ ಯತ್ನ ಬಿಡಲಿಲ್ಲ ಎಂಬುದೇ ತನಿಖೆ ಕಂಡ ನೇರ ಕಾರಣ.

ಮೂರು ಡಿಗ್ರಿಯ ಹಾದಿಯನ್ನು ಯಂತ್ರ ಮನುಷ್ಯನಿಗಿಂತ ನಯವಾಗಿ ಹಿಡಿಯಬಲ್ಲದು. ಈ ಸಲ ಬೇಡ ಎನ್ನುವ ತೀರ್ಮಾನ ಮಾತ್ರ ಕಾಕ್‌ಪಿಟ್‌ನಲ್ಲಿ ಕೂತವರದು. ಇನ್ನೇನು ಇಳಿಯಿತು ಎನ್ನುವಾಗ ಎಂಜಿನ್ ಗರ್ಜಿಸಿ ವಿಮಾನ ಮತ್ತೆ ಮೇಲೇರಿದರೆ ಪ್ರಯಾಣಿಕರು ಗಾಬರಿಯಾಗಬೇಕಿಲ್ಲ: ಅಲ್ಲಿ ಯಾರೋ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ.