ಕ್ರಿಸ್ಮಸ್ ಹಿಂದಿನ ರಾತ್ರಿಗೆ ಒಂದೇ ಕುಕ್ಕರ್

ಡಿಸೆಂಬರ್ 24 ನಮ್ಮಿಬ್ಬರ ಆಫೀಸಿಗೂ ರಜೆಯಲ್ಲ. ಹಿಂಜವಡಿಯ ಟ್ರಾಫಿಕ್ ದಾಟಿ ನಿಗಡಿಯ ಮನೆ ಸೇರುವಾಗ ರಾತ್ರಿ ಎಂಟು, ಹನ್ನೊಂದಕ್ಕೆ ಬಲಿಪೂಜೆ. ಪರಮಪ್ರಸಾದ ಸ್ವೀಕರಿಸುವವರು ಒಂದು ಗಂಟೆ ಮೊದಲೇ ಊಟ ಮುಗಿಸಿರಬೇಕು. ಊರಲ್ಲಾದರೆ ಅಡುಗೆಮನೆಯಲ್ಲಿ ಅತ್ತೆ, ಅಕ್ಕ ಎಲ್ಲ ಇರುತ್ತಾರೆ. ಇಲ್ಲಿ ಒಬ್ಬರು ಒಲೆ ಮುಂದೆಯೇ ಉಳಿಯಬಾರದೆಂದು ಕಂಡುಕೊಂಡ ದಾರಿ ಬೀಫ್ ನೂಡಲ್ಸ್.

ಇಲ್ಲಿ ಬೀಫ್ ಎಂದರೆ ಎಮ್ಮೆ, ಕೋಣದ ಮಾಂಸ. ಹಸುವಿನ ಜತೆಗೆ ಎತ್ತು, ಹೋರಿಗಳ ವಧೆಯನ್ನೂ ಮಹಾರಾಷ್ಟ್ರ 2015ರಲ್ಲಿ ನಿಷೇಧಿಸಿತು. ಈ ಮಾಂಸ ಬೇಯುವುದು ನಿಧಾನ. ಹಾಗಾಗಿ ಅರ್ಧ ಕೆಜಿ ಮೂಳೆಯಿಲ್ಲದ ಮಾಂಸವನ್ನು ಸಣ್ಣಗೆ ಹೆಚ್ಚಿ ಉಪ್ಪು, ಶುಂಠಿ-ಬೆಳ್ಳುಳ್ಳಿ, ಒಂದು ಚಮಚ ವಿನೆಗರ್, ಎರಡು ಚಮಚ ಮಂಗಳೂರಿನ ಬಾಫತ್ ಪುಡಿ ಬೆರೆಸಿ ಬೆಳಿಗ್ಗೆಯೇ ಫ್ರಿಜ್‌ನಲ್ಲಿಡುತ್ತೇನೆ.

ಸಂಜೆ ಐದು ಲೀಟರಿನ ಕುಕ್ಕರಿನಲ್ಲಿ ಎರಡು ಈರುಳ್ಳಿ ಬಾಡಿಸಿ, ಮಾಂಸ ಹುರಿದು, ಒಂದು ಲೋಟ ನೀರು. ಮೊದಲ ವಿಸಿಲ್ ಬಳಿಕ ಸಣ್ಣ ಉರಿಯಲ್ಲಿ 25 ನಿಮಿಷ. ಅಷ್ಟರಲ್ಲಿ ಸ್ನಾನ, ಮಕ್ಕಳ ಬಟ್ಟೆಗೆ ಇಸ್ತ್ರಿ, ಗೋದಲಿಯ ದೀಪ ಎಲ್ಲ ಮುಗಿಯುತ್ತದೆ. ಹಬೆ ತಾನಾಗಿ ಇಳಿದ ಮೇಲೆ ಮೂರು ಲೋಟ ಬಿಸಿನೀರು, ಕ್ಯಾರೆಟ್, ಎಲೆಕೋಸು, 200 ಗ್ರಾಂ ನೂಡಲ್ಸ್ ಹಾಕಿ. ಮುಚ್ಚಳ ಬೇಡ, ನೂಡಲ್ಸ್ ಮುದ್ದೆಯಾಗುತ್ತದೆ. ನಾಲ್ಕೈದು ನಿಮಿಷ ಕುದಿದರೆ ನೂಡಲ್ಸ್ ಬಿಟ್ಟ ಗಂಜಿಗೇ ರಸ ಗಟ್ಟಿಯಾಗುತ್ತದೆ. ಇಳಿಸಿ ನಿಂಬೆರಸ ಹಿಂಡಿ. ನಾಲ್ವರಿಗೆ ಧಾರಾಳ.

ತೊಳೆಯಲು ಇರುವುದು ಕುಕ್ಕರ್ ಮತ್ತು ತಟ್ಟೆ. ಊರಿನ ಕುಸ್ವಾರ್ ಪಾರ್ಸೆಲ್‌ನಲ್ಲಿ ಬರುತ್ತದೆ. ಬಿಸಿ ಊಟ ಬರುವುದಿಲ್ಲ. ಅದನ್ನು ಇಲ್ಲೇ ಮಾಡಿಕೊಳ್ಳಬೇಕು, ಎಲ್ಲರೂ ಕೂತು ಉಣ್ಣುವಷ್ಟು ಹೊತ್ತು ಉಳಿಸಿಕೊಂಡು.