ವಾಯಿದೆಗೆ ಹೋಗದ ವಾದಿ

ಜಮೀನಿಗೋ ಸಾಲದ ಹಣಕ್ಕೋ ದಾವೆ ಹೂಡಿದವರು ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಖರ್ಚಿಗೂ ಕಾಯುವಿಕೆಗೂ ಸೋತು, ಕೊನೆಗೆ ವಾಯಿದೆಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಕೇಸು ಅದರ ಪಾಡಿಗೆ ಇರುತ್ತದೆ, ಕೈಯಲ್ಲಿ ದುಡ್ಡಾದಾಗ ಮತ್ತೆ ನಡೆಸಿದರಾಯಿತು ಎಂಬುದು ಅವರ ಎಣಿಕೆ. ಆ ಎಣಿಕೆ ಎಷ್ಟು ದುಬಾರಿ ಎಂಬುದನ್ನು ಮೊದಲೇ ತಿಳಿಸಿ ಹೇಳುವವರು ಕಡಿಮೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ ಪ್ರಕಾರ, ವಿಚಾರಣೆಗೆ ಕೂಗಿದಾಗ ಪ್ರತಿವಾದಿ ಹಾಜರಿದ್ದು ವಾದಿಯ ಕಡೆಯಿಂದ ಯಾರೂ ಇಲ್ಲದಿದ್ದರೆ, ಪ್ರತಿವಾದಿ ಒಪ್ಪಿಕೊಂಡ ಭಾಗವನ್ನು ಬಿಟ್ಟು ಉಳಿದ ದಾವೆ ವಜಾ ಆಗುತ್ತದೆ. ಅದೇ ವ್ಯಾಜ್ಯಕಾರಣದ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಗೈರುಹಾಜರಿಗೆ ಸಾಕಷ್ಟು ಕಾರಣವಿತ್ತೆಂದು ತೋರಿಸಿ, 30 ದಿನಗಳೊಳಗೆ ಅರ್ಜಿ ಹಾಕಿ, ಹಳೆಯ ದಾವೆಯನ್ನೇ ಮತ್ತೆ ಕಡತಕ್ಕೆ ತರಿಸಿಕೊಳ್ಳಬೇಕು. ಇಬ್ಬರೂ ಗೈರಾಗಿದ್ದರೆ ಹೊಸ ದಾವೆಗೆ ಅವಕಾಶವಿದೆ, ನಿಜ. ಆದರೆ ಸಾಲ ವಸೂಲಿಯಂಥ ದಾವೆಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಹಳೆಯ ಕೇಸು ನಡೆದಷ್ಟು ದಿನವನ್ನು ಅದರಿಂದ ಕಳೆಯಲು ಕಾನೂನು ಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಆ ಅವಕಾಶ ಎಷ್ಟೋ ಸಲ ಹೆಸರಿಗಷ್ಟೇ ಉಳಿಯುತ್ತದೆ.

ನ್ಯಾಯ ಯಾರ ಕಡೆಗಿದೆ ಎಂದು ನೋಡದೆಯೇ ಬಾಗಿಲು ಹಾಕುವುದು ಕ್ರೂರವಲ್ಲವೇ ಎಂದು ಕೇಳಬಹುದು. ಪ್ರತಿವಾದಿಯ ಕಡೆಯಿಂದಲೂ ನೋಡಬೇಕು. ದಾವೆ ಇರುವಷ್ಟು ಕಾಲ ಅವನ ಜಮೀನು ಕೊಳ್ಳುವವರು ಹಿಂಜರಿಯುತ್ತಾರೆ, ಏಕೆಂದರೆ ತೀರ್ಪು ಕೊಂಡವರನ್ನೂ ಕಟ್ಟಿಹಾಕುತ್ತದೆ. ತಡೆಯಾಜ್ಞೆಯೂ ಇದ್ದರೆ ಒಂದು ಗೋಡೆ ಎಬ್ಬಿಸಲೂ ಆಗದು. ವಾದಿಗೆ ಮನಸ್ಸು ಬರುವವರೆಗೆ ಅವನು ಹೀಗೆ ಕಾಯಬೇಕೆನ್ನುವುದು ಅನ್ಯಾಯ. ಮೇಲಾಗಿ, ಮುಚ್ಚುವುದು ದಾವೆ ಹೂಡುವ ದಾರಿ ಮಾತ್ರ. ನಾಳೆ ಎದುರಾಳಿಯೇ ದಾವೆ ತಂದರೆ, ಅದೇ ಹಕ್ಕನ್ನು ರಕ್ಷಣೆಯಾಗಿ ಮುಂದಿಡಬಹುದು. ವಕೀಲರ ತಪ್ಪಿಗೆ ಕಕ್ಷಿದಾರ ಬಲಿಯಾಗಬಾರದೆಂದು ಸುಪ್ರೀಂ ಕೋರ್ಟ್ 1981ರಲ್ಲಿ ರಫೀಕ್ ಪ್ರಕರಣದಲ್ಲಿ ಹೇಳಿದ್ದೂ ಉಂಟು. ಆದರೆ ಆ ಆಸರೆ ವಕೀಲರನ್ನು ನಂಬಿ ತನ್ನ ಪಾಲಿನದನ್ನೆಲ್ಲ ಮಾಡಿದ ಕಕ್ಷಿದಾರನಿಗೆ. ವರ್ಷಗಟ್ಟಲೆ ವಿಚಾರಿಸದೆ ಕುಳಿತವರಿಗೂ ಅದು ಸಿಗುತ್ತದೆಂದು ನೆಚ್ಚಿಕೊಳ್ಳಬಾರದು.

ದಾವೆ ಬಿಡುವುದು ತಪ್ಪಲ್ಲ, ಎಷ್ಟೋ ಸಲ ಅದೇ ವಿವೇಕ. ನನ್ನ ತಕರಾರು ಹೇಳದೆ ಕೇಳದೆ ಬಿಡುವುದರ ಬಗ್ಗೆ. ಪ್ರತಿವಾದಿ ಪ್ರತಿಹಕ್ಕು ಕೇಳಿದ್ದರೆ, ಮೂಲ ದಾವೆ ವಜಾ ಆದ ಮೇಲೂ ಅದು ಮುಂದುವರಿಯುತ್ತದೆ. ಕೇಸು ಮುಗಿಯಿತೆಂದುಕೊಂಡು ಮನೆಯಲ್ಲಿ ಕುಳಿತವರ ಮೇಲೆಯೇ ಏಕಪಕ್ಷೀಯ ಡಿಕ್ರಿ ಬರಬಹುದು. ಬೇಡವೆನಿಸಿದರೆ 23ನೇ ಆದೇಶದಡಿ ನ್ಯಾಯಾಧೀಶರ ಮುಂದೆಯೇ ಹಿಂತೆಗೆದುಕೊಳ್ಳಬೇಕು. ದಾವೆಯಲ್ಲಿ ತಾಂತ್ರಿಕ ದೋಷವಿದ್ದರೆ ಹೊಸದಾಗಿ ಹೂಡಲು ಅನುಮತಿಯನ್ನೂ ಆಗಲೇ ಕೇಳಬೇಕು. ಅನುಮತಿಯಿಲ್ಲದೆ ಹಿಂತೆಗೆದರೆ ಅಲ್ಲೂ ದಾರಿ ಮುಚ್ಚಿತೆಂದೇ ಲೆಕ್ಕ. ಎದುರಾಳಿ ಮಾತಿಗೆ ಸಿಗುವವನಾದರೆ ಲೋಕ ಅದಾಲತ್ ಇನ್ನೂ ಲೇಸು: ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕವೂ ಮರಳಿ ಬರುತ್ತದೆ.